ಪವನೆಯ ನೀರು ಯಾವ ದಾರಿಯಲ್ಲಿ ಬರಬೇಕು?

ಪುಣೆ–ಮುಂಬೈ ಹಳೇ ಹೆದ್ದಾರಿಯ ಮೇಲಿರುವ ನಿಗಡಿ ಎರಡು ನದಿಗಳ ನಡುವಿನ ದಿಬ್ಬದ ಊರು. ಉತ್ತರಕ್ಕೆ ಇಳಿದರೆ ಇಂದ್ರಾಯಣಿ, ದಕ್ಷಿಣಕ್ಕೆ ಇಳಿದರೆ ಪವನಾ. ದೇಹುವಿನ ತುಕಾರಾಮ, ಆಳಂದಿಯ ಜ್ಞಾನೇಶ್ವರರಿಂದಾಗಿ ಇಂದ್ರಾಯಣಿ ನಾಡಿಗೆಲ್ಲ ಗೊತ್ತು. ಪವನೆಗೆ ಆ ಕೀರ್ತಿ ಇಲ್ಲ. ಆದರೆ ನಿಗಡಿ ದಶಕಗಳಿಂದ ಕುಡಿದು ಬೆಳೆದದ್ದು ಪವನೆಯ ನೀರನ್ನು.

ಕನ್ನಡದ ಕಿವಿಗೆ ಪವನ ಎಂದರೆ ಗಾಳಿ. ಗಾಳಿಯ 'ಪವನ'ಕ್ಕೂ ಶುದ್ಧಿಯ 'ಪಾವನ'ಕ್ಕೂ ಸಂಸ್ಕೃತದಲ್ಲಿ ಧಾತು ಒಂದೇ. ಚಿಂಚವಡದ ಕೆಳಗೆ ಹೊಳೆಯ ವಾಸನೆ ಕುಡಿದವರಿಗೆ ಈ ವ್ಯುತ್ಪತ್ತಿ ತಮಾಷೆಯಂತೆ ಕಾಣಬಹುದು.

ನದಿ ಹುಟ್ಟುವುದು ಲೋಣಾವಳದ ದಕ್ಷಿಣಕ್ಕೆ, ಸಹ್ಯಾದ್ರಿಯಲ್ಲಿ. ಅಲ್ಲಿಂದ ಮೂಳಾ ನದಿಯನ್ನು ಸೇರುವವರೆಗೆ ಹೆಚ್ಚುಕಡಿಮೆ 60 ಕಿ.ಮೀ. ಈ ಕಣಿವೆಯ ಹೆಸರು ಪವನ ಮಾವಳ. ಕಾರ್ಲೆಯ ಶಾತವಾಹನ ಶಾಸನದಲ್ಲಿ ಬರುವ 'ಮಾಮಾಲ'ವೇ ಇಂದಿನ ಮಾವಳ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಲೋಹಗಡ, ವಿಸಾಪುರ, ತಿಕೋನಾ, ತುಂಗ, ಹೀಗೆ ಸುತ್ತಲೂ ಕೋಟೆಗಳು. ಬೇಡ್ಸೆಯಲ್ಲಿ ಎರಡು ಸಾವಿರ ವರ್ಷ ಹಳೆಯ ಬೌದ್ಧ ಗುಹೆಗಳು. ಕೋಟೆಗಳ ಬುಡದಲ್ಲಿ ಈಗ ನಿಂತಿರುವುದು ಅಣೆಕಟ್ಟಿನ ಹಿನ್ನೀರು. 1970ರ ದಶಕದ ಆರಂಭದಲ್ಲಿ ಮುಗಿದ ಈ ಮಣ್ಣಿನ ಅಣೆಕಟ್ಟು ಸುಮಾರು 8.5 ಟಿಎಂಸಿ ನೀರು ಹಿಡಿಯುತ್ತದೆ. ಇದಕ್ಕೆ ಜಮೀನು ಕೊಟ್ಟವರಲ್ಲಿ ಅನೇಕರು ಪುನರ್ವಸತಿಗೆ ದಶಕಗಟ್ಟಲೆ ಕಾದರು. ನಿಗಡಿಯಲ್ಲಿ ಹೊಸ ನಗರ ಕಟ್ಟಿದ ಪ್ರಾಧಿಕರಣ ಹುಟ್ಟಿದ್ದೂ ಅದೇ ಹೊತ್ತಿಗೆ, 1972ರಲ್ಲಿ.

ಈ ಅಣೆಕಟ್ಟಿನಿಂದ ನಗರಕ್ಕೆ ನೀರು ಬರಲು ಕಾಲುವೆಯಿಲ್ಲ, ನದಿಯ ಪಾತ್ರವೇ ಕಾಲುವೆ. ಬಿಟ್ಟ ನೀರು ಹರಿದು ರಾವೇತದ ಒಡ್ಡಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಅದನ್ನು ಮೇಲೆತ್ತಿ ನಿಗಡಿಯ ಶುದ್ಧೀಕರಣ ಘಟಕಕ್ಕೆ ಕಳಿಸುತ್ತಾರೆ. ದಾರಿಯಲ್ಲಿ ಎರಡೂ ದಡದ ರೈತರು ಪಂಪು ಇಟ್ಟು ಹೊಲಕ್ಕೆ ಎಳೆದುಕೊಳ್ಳುತ್ತಾರೆ. ನಗರಕ್ಕೆಂದು ಬಿಟ್ಟ ನೀರಿನಿಂದಲೇ ಬೇಸಿಗೆಯಲ್ಲೂ ನದಿ ನದಿಯಾಗಿ ಉಳಿದಿದೆ.

ಪಿಂಪ್ರಿ-ಚಿಂಚವಡ ಮಹಾನಗರಪಾಲಿಕೆ ಇದನ್ನು ಬದಲಿಸಲು ಹೊರಟಿತು. ಅಣೆಕಟ್ಟಿನಿಂದ ನಿಗಡಿಗೆ ನೇರವಾಗಿ ಸುಮಾರು 35 ಕಿ.ಮೀ. ಮುಚ್ಚಿದ ಕೊಳವೆ. ನೀರು ಪೋಲಾಗದು, ಕೊಳೆ ಸೇರದು ಎಂಬುದು ಪಾಲಿಕೆಯ ವಾದ. ಕೊಳವೆಗೆ ನೀರು ಹೋದರೆ ನಮ್ಮ ಹೊಳೆಗೇನು ಉಳಿಯುತ್ತದೆ ಎಂದು ಮಾವಳದ ರೈತರು ಕೇಳಿದರು. 2011ರ ಆಗಸ್ಟ್ 9ರಂದು ಅವರು ಬೌರ್ ಬಳಿ ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ತಡೆದು ನಿಂತರು. ಪೊಲೀಸರು ಗುಂಡು ಹಾರಿಸಿದರು. ಮೂವರು ಸತ್ತರು, ಅವರಲ್ಲೊಬ್ಬರು ಹೆಂಗಸು. ಯೋಜನೆ ವರ್ಷಗಟ್ಟಲೆ ನಿಂತುಹೋಯಿತು. ಪಾಲಿಕೆಯ ಲೆಕ್ಕ ಸುಳ್ಳೆಂದು ನಾನು ಹೇಳಲಾರೆ. ಆದರೆ ಆ ಲೆಕ್ಕದಲ್ಲಿ ರೈತ ಎತ್ತಿದ ನೀರೂ 'ಸೋರಿಕೆ'ಯೇ ಆಗಿಬಿಡುತ್ತದೆ.

ರಾವೇತ ದಾಟಿದರೆ ಚಿಂಚವಡ. ದಡದಲ್ಲೇ ಮೋರಯಾ ಗೋಸಾವಿಯವರ ಸಮಾಧಿ ಮಂದಿರ. ಅವರ ಮೂಲ ಬೀದರ್ ಎನ್ನುವ ಕಥೆಯೂ ಇದೆ. 'ಗಣಪತಿ ಬಪ್ಪಾ ಮೋರಯಾ' ಎಂಬ ಕೂಗಿನ 'ಮೋರಯಾ' ಇವರೇ ಎಂದು ಜನ ನಂಬುತ್ತಾರೆ. ಜೋರು ಮಳೆಗಾಲದಲ್ಲಿ ಪವನಾ ಈ ಗುಡಿಯ ಒಳಕ್ಕೇ ಬರುತ್ತದೆ. ಮುಂದೆ ಪಿಂಪ್ರಿ. 1954ರಲ್ಲಿ ಇಲ್ಲಿ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಬಂತು, ಹಿಂದೆಯೇ ನೂರಾರು ಕಾರ್ಖಾನೆಗಳು. ಆ ನಂತರದ ನೀರಿನ ಬಣ್ಣವನ್ನು ವರ್ಣಿಸಬೇಕಿಲ್ಲ.

ದಾಪೋಡಿಯ ಬಳಿ ಪವನಾ ಮೂಳೆಯನ್ನು ಸೇರುತ್ತದೆ, ಹೆಸರು ಅಲ್ಲಿಗೆ ಮುಗಿಯಿತು. ಮೂಳಾ-ಮುಠಾ ಭೀಮೆಗೆ ಸೇರುತ್ತದೆ. ದಿಬ್ಬದ ಆಚೆ ಇಳಿದ ಇಂದ್ರಾಯಣಿ ತುಳಾಪುರದಲ್ಲಿ ಮೊದಲೇ ಭೀಮೆಯನ್ನು ಕೂಡಿರುತ್ತದೆ. ಹೀಗೆ ನಿಗಡಿಯ ಎರಡೂ ಬದಿಯ ಮಳೆನೀರು ಉಜನಿ ಅಣೆಕಟ್ಟಿನಲ್ಲಿ ಒಂದಾಗಿ, ಪಂಢರಪುರ ದಾಟಿ ಕನ್ನಡನಾಡಿಗೆ ಬರುತ್ತದೆ: ಅಫಜಲಪುರ, ಗಾಣಗಾಪುರ, ಸನ್ನತಿ, ಕೊನೆಗೆ ಕೃಷ್ಣೆ. ಬೇಸಿಗೆಯಲ್ಲಿ ಅಲ್ಲಿ ಭೀಮೆ ಬತ್ತಿದಾಗ, ಉಜನಿಯಿಂದ ಹೊಳೆಗೆ ನೀರು ಬಿಡಿ ಎಂದು ಕರ್ನಾಟಕ ಮಹಾರಾಷ್ಟ್ರವನ್ನು ಕೇಳುತ್ತದೆ.