ಕತ್ತಲೆ ಕೋಣೆಗೆ ಒಂದು ಮನೆ

ಮೂಕಿ ಚಿತ್ರಗಳನ್ನೂ ತಯಾರಿಸಿದ್ದ ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ ಊರು ಪುತ್ತೂರು. ಕ್ಯಾಮೆರಾದ ಹುಚ್ಚು ಇಲ್ಲಿಗೆ ಹೊಸತಲ್ಲ. ಆದರೆ ಮನೆಯಲ್ಲೇ ಫೋಟೋ ತೊಳೆಯಲು ತಕ್ಕ ಕೋಣೆ?

ಪುತ್ತೂರು, ಸುಳ್ಯ, ಕಡಬದ ಹಳೆಯ ತೋಟದ ಮನೆಗಳಲ್ಲಿ ಕತ್ತಲೆಗೇನೂ ಬರವಿಲ್ಲ. ಮುರಕಲ್ಲಿನ ದಪ್ಪ ಗೋಡೆ, ಕಿಟಕಿಯಿಲ್ಲದ ಉಗ್ರಾಣ. ತೊಂದರೆಯೆಲ್ಲ ಮೇಲಿನಿಂದ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ತೆರೆದ ಕಾರ್ಖಾನೆಯಿಂದ ಈ ಸೀಮೆಯಲ್ಲಿ ಹರಡಿದ ಹಂಚು ಮಳೆಯನ್ನು ತಡೆದೀತು, ಬೆಳಕನ್ನು ಪೂರ್ತಿ ತಡೆಯದು. ಸಂದಿಯಲ್ಲಿ ನುಸುಳಿದ ಒಂದು ಬಿಸಿಲುಕೋಲಿಗೆ ಫಿಲ್ಮು ಹಾಳು! ಹಾಗಾಗಿ ಮರದ ಮುಚ್ಚಿಗೆ ಹಾಕಿದ ಕೋಣೆಯೇ ಬೇಕು. ಕೆಂಪು ದೀಪ ಕಪ್ಪು-ಬಿಳುಪಿನ ಮುದ್ರಣ ಕಾಗದಕ್ಕಷ್ಟೇ ಸಲ್ಲುತ್ತದೆ. ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮಿಗೆ ಅದೂ ಕೂಡದು.

ನೀರೂ ಹತ್ತಿರವಿರಬೇಕು. ಹೈಪೊ ಚೆನ್ನಾಗಿ ತೊಳೆದುಹೋಗದಿದ್ದರೆ ಚಿತ್ರ ಕ್ರಮೇಣ ಹಳದಿಗಟ್ಟುತ್ತದೆ. ಬಚ್ಚಲುಮನೆಯಲ್ಲಿ ನೀರುಂಟು, ಒಲೆಯ ಹೊಗೆ-ಬೂದಿಯೂ ಉಂಟು. ಡೆವಲಪರಿಗೆ ಹಿತವಾದದ್ದು 20 ಡಿಗ್ರಿ ಸೆಲ್ಸಿಯಸ್. ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲಿ ಅದು ಕನಸಿನ ಮಾತು. ಮಳೆಗಾಲದಲ್ಲಂತೂ ಲೆನ್ಸಿಗೇ ಬೂಷ್ಟು.

ಉಗ್ರಾಣವೇ ಇರಲೆಂದರೆ, ಅಕ್ಕಿ ಮುಡಿಯ ಪಕ್ಕ ರಾಸಾಯನಿಕದ ಬಾಟ್ಲಿ ಇಡಲು ಮನೆಯೊಡತಿ ಒಪ್ಪಬೇಕಲ್ಲ? ಅವರ ಆಕ್ಷೇಪ ನ್ಯಾಯವಾದದ್ದೇ. ಪ್ರತ್ಯೇಕ ಕೋಣೆ ಸಿಗದ ಹವ್ಯಾಸಿಗೆ ರಾತ್ರಿ ಒಲೆ ಆರಿದ ಬಳಿಕ ಬಚ್ಚಲೇ ಗತಿ. ಬೆಳಗಿನ ಸ್ನಾನದ ಹೊತ್ತಿಗೆ ತಟ್ಟೆಗಳೆಲ್ಲ ಅಲ್ಲಿಂದ ಹೊರಬಿದ್ದಿರಬೇಕು.