ಮೆಲುದನಿಯ ಪ್ರೇಮಗೀತೆ: ಕುಣಿಗಲ್ ಕೆರೆ, ಗುಬ್ಬಿ ರಂಗ, ಚಿತ್ರಗೀತೆ

1981ರ ‘ಆಲೆಮನೆ’ ಚಿತ್ರದ ‘ನಮ್ಮೂರ ಮಂದಾರ ಹೂವೆ’ ಕನ್ನಡದ ಮೆಲುದನಿಯ ಪ್ರೇಮಗೀತೆಗಳಲ್ಲಿ ಇಂದಿಗೂ ಜನರ ನಾಲಿಗೆಯ ಮೇಲೆ ಉಳಿದಿರುವ ಒಂದು. ಬರೆದವರು ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಕುರುಬರಹಳ್ಳಿಯಲ್ಲಿ 1946ರಲ್ಲಿ ಹುಟ್ಟಿದ ದೊಡ್ಡರಂಗೇಗೌಡರು, ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ಹುಡುಗಿಯ ಕಿವಿಗಷ್ಟೇ ಬಿದ್ದರೆ ಸಾಕೆಂಬಂತೆ ಹಾಡಿದ ಗೀತೆ ಅದು. ಈ ಬಗೆಯ ಹಾಡಿಗೆ ಹೊರನಾಡಿನಲ್ಲಿ ಸಾಫ್ಟ್ ರಾಕ್, ಲವ್ ಬ್ಯಾಲಡ್ ಎಂಬ ಹೆಸರುಗಳಿವೆ. ಕನ್ನಡದಲ್ಲಿ ಅದನ್ನು ‘ಮೆಲೋಡಿ ಸಾಂಗು’ ಎಂದು ಕರೆದು ಮುಗಿಸುವುದು ರೂಢಿ. ಹೆಸರು ಏನೇ ಇರಲಿ, ಪ್ರೇಮವನ್ನು ಹೀಗೆ ಪಿಸುದನಿಯಲ್ಲಿ ಹಾಡುವುದು ಹಳೆಯ ಪದ್ಧತಿಯಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹಾಡುಗಳನ್ನು ಕಾಲಕ್ರಮದಲ್ಲಿ ನೋಡಿದರೆ ದನಿ ಇಳಿದ ಬಗೆ ಕಾಣುತ್ತದೆ. ಹಾಡು ಎಷ್ಟು ದೂರ ಕೇಳಬೇಕಾಗಿತ್ತು ಎಂಬುದೇ ಅದರ ದನಿಯನ್ನು ತೀರ್ಮಾನಿಸಿದೆ. ಭಾವದ ಪಾಲು ಅದರಲ್ಲಿ ಎಣಿಸಿದ್ದಕ್ಕಿಂತ ಕಡಿಮೆ.

ಸೀಮೆಯ ಹಾಡುಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ‘ಮೂಡಲ್ ಕುಣಿಗಲ್ ಕೆರೆ’. ಕಟ್ಟಿದವರ ಹೆಸರಿಲ್ಲದ ಜನಪದ ಗೀತೆ. ಮೇಲ್ನೋಟಕ್ಕೆ ಇದು ಕೆರೆಯ ವರ್ಣನೆ. ಕೆರೆಯ ಬಾಗಿಗೆ ಬಾಳೆಹಣ್ಣು, ತುಂಬಿದ ನೀರಿಗೆ ನಿಂಬೆಹಣ್ಣು ಹೋಲಿಕೆಯಾಗಿ ಬರುತ್ತವೆ. ಚಂದ್ರ ಮೂಡುತ್ತಾನೆ, ಅಂದ ನೋಡಲು ಶಿವನೇ ಬರುತ್ತಾನೆ, ಕಬ್ಬಕ್ಕಿ ಬಾಯಿ ಬಿಡುತ್ತವೆ. ಈ ನಡುವೆ, ಯಾವ ಪೀಠಿಕೆಯೂ ಇಲ್ಲದೆ, ಭಾವ ತಂದ ಬಣ್ಣದ ಸೀರೆಯ ಮಾತೊಂದು ಸುಳಿದು ಹೋಗುತ್ತದೆ. ಸೋದರಿಕೆಯ ಸಂಬಂಧಗಳು ಬಳಕೆಯಲ್ಲಿದ್ದ ನಾಡಿನಲ್ಲಿ ಭಾವ ಎಂದರೆ ಅಕ್ಕನ ಗಂಡನೂ ಹೌದು, ಮುಂದೆ ತನ್ನ ಕೈಹಿಡಿಯಬಹುದಾದ ಸೋದರತ್ತೆಯ ಮಗನೂ ಹೌದು. ಹಾಡುವ ಹೆಣ್ಣಿಗೆ ಅವನು ಯಾರು ಎಂದು ಹಾಡು ಬಿಡಿಸಿ ಹೇಳುವುದಿಲ್ಲ. ಇಡೀ ಗೀತೆಯ ಪ್ರೇಮ ಅಷ್ಟರಲ್ಲೇ ಇದೆ. ಉಳಿದದ್ದನ್ನು ಕೆರೆಯ ಬಾಗು, ತುಂಬು, ಬೆಳದಿಂಗಳು ಹೊರುತ್ತವೆ.

ಛಂದಸ್ಸಿನ ಲೆಕ್ಕದಲ್ಲಿ ಇದು ತ್ರಿಪದಿಯ ವಂಶದ ಹಾಡು. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ತ್ರಿಪದಿ ಕಾಣಿಸಿಕೊಳ್ಳುತ್ತದೆ. ಮೂರು ಸಾಲಿಗೆ ಹನ್ನೊಂದು ಅಂಶಗಣಗಳು, ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ ಎಂಬುದು ಅದರ ಕಟ್ಟು. ಹಾಡುವಾಗ ಎರಡನೆಯ ಸಾಲು ಮರುಕಳಿಸಿ ಮೂರು ಸಾಲು ನಾಲ್ಕರಂತೆ ಕೇಳಿಸುತ್ತದೆ. ಒಬ್ಬರು ಸೊಲ್ಲೆತ್ತುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಧಾಟಿ ಒಂದೇ ಆದ್ದರಿಂದ ನುಡಿಗಳನ್ನು ಬೇಕಾದಷ್ಟು ಸೇರಿಸಬಹುದು, ಬಿಡಬಹುದು. ಇದಮಿತ್ಥಂ ಎನ್ನುವ ಒಂದು ಪಾಠ ಇಂಥ ಹಾಡಿಗೆ ಇರುವುದಿಲ್ಲ. ಗುಂಪಿನ ಹಾಡಾದ್ದರಿಂದ ಬಯಲಲ್ಲಿ ಕೇಳುವಷ್ಟು ದನಿ ಬೇಕು. ಹತ್ತು ಜನರೆದುರು ಹೇಳಬಹುದಾದಷ್ಟೇ ಪ್ರೇಮವೂ ಅದರಲ್ಲಿರುತ್ತದೆ. ಸೀರೆಯ ಮಾತು ಅಷ್ಟಕ್ಕೇ ನಿಂತದ್ದು ಸಂಕೋಚದಿಂದ ಮಾತ್ರವಲ್ಲ.

ಕುಣಿಗಲ್ಲಿನಿಂದ ಉತ್ತರಕ್ಕಿರುವ ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ನಾಟಕ ಕಂಪನಿ ಪ್ರೇಮಗೀತೆಗೆ ಪಾತ್ರವನ್ನೂ ಪರದೆಯನ್ನೂ ಟಿಕೀಟನ್ನೂ ಕೊಟ್ಟಿತು. ಊರ ದೇವರ ಹೆಸರು ಹೊತ್ತ ‘ಗುಬ್ಬಿ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ’ ಜನರ ಬಾಯಲ್ಲಿ ಗುಬ್ಬಿ ಕಂಪನಿ. ಬಾಲನಟನಾಗಿ ಸೇರಿದ ವೀರಣ್ಣನವರು 1917ರಲ್ಲಿ ಅದರ ಮಾಲೀಕರಾದರು. ಆ ಹೊತ್ತಿಗೆ ಕನ್ನಡ ವೃತ್ತಿರಂಗಭೂಮಿಗೆ ಎರಡು ಕಡೆಯಿಂದ ಸಂಗೀತ ಹರಿದುಬಂದಿತ್ತು: ಮೈಸೂರು ಸೀಮೆಯ ಕರ್ನಾಟಕ ಸಂಗೀತ ಒಂದು, ಊರೂರು ತಿರುಗುತ್ತಿದ್ದ ಪಾರ್ಸಿ ಮತ್ತು ಮರಾಠಿ ಕಂಪನಿಗಳು ಬಿಟ್ಟುಹೋದ ಹಿಂದೂಸ್ತಾನಿ ಧಾಟಿಗಳು ಇನ್ನೊಂದು. ಜನ ಮೆಚ್ಚಿದ ಮಟ್ಟು ಸಿಕ್ಕರೆ ಕಂಪನಿಯ ಕವಿ ಅದಕ್ಕೆ ಕನ್ನಡದ ಪದ ಕೂಡಿಸುತ್ತಿದ್ದ. ಅಚ್ಚಾದ ನಾಟಕದ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ರಾಗ, ತಾಳಗಳ ಜೊತೆಗೆ ಇಂಥ ಹಾಡಿನ ಮಟ್ಟು ಎಂದು ಸೂಚಿಸುತ್ತಿದ್ದುದು ಇದರಿಂದಲೇ. ಎರವಲನ್ನು ಮುಚ್ಚಿಡುವ ರೂಢಿ ಆಗ ಇರಲಿಲ್ಲ. ಪರಿಚಿತ ಮಟ್ಟು ಎಂದು ಸಾರಿಕೊಳ್ಳುವುದೇ ಲಾಭ.

ಈ ಕೆಲಸದಲ್ಲಿ ಪಳಗಿದ ಕೈ ಬೆಳ್ಳಾವೆ ನರಹರಿ ಶಾಸ್ತ್ರಿಗಳದು (1882–1961). ತುಮಕೂರಿಗೆ ಹತ್ತಿರದ ಬೆಳ್ಳಾವಿಯವರು, ಗುಬ್ಬಿ ಕಂಪನಿಗೆ ‘ಸದಾರಮೆ’, ‘ಕೃಷ್ಣಲೀಲೆ’ ಮೊದಲಾದ ನಾಟಕಗಳನ್ನು ಬರೆದುಕೊಟ್ಟವರು. ‘ಸದಾರಮೆ’ಯ ಕಳ್ಳನ ಪಾತ್ರ ವೀರಣ್ಣನವರ ಹೆಸರಿಗೆ ಅಂಟಿಕೊಂಡಿತು. ಪ್ರೇಮಿಗಳಿಗಿಂತ ಕಳ್ಳನೇ ಜನರ ನೆನಪಿನಲ್ಲಿ ಹೆಚ್ಚು ಉಳಿದದ್ದು ಆ ರಂಗದ ಸ್ವಭಾವಕ್ಕೆ ತಕ್ಕದ್ದೇ. ಪ್ರೇಮದ ಹಾಡು ಅಲ್ಲಿ ಕಥೆಯ ಒಂದು ನಿಲ್ದಾಣ; ಪ್ರೇಕ್ಷಕರು ‘ಒನ್ಸ್ ಮೋರ್’ ಎಂದರೆ ಕಥೆ ನಿಂತು ಹಾಡು ಮತ್ತೆ ಶುರುವಾಗುತ್ತಿತ್ತು. ಸತ್ತ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿತ್ತು ಎನ್ನುವುದು ಕಂಪನಿ ನಾಟಕದವರು ಹೇಳಿ ನಗುವ ಮಾತು.

ಮೈಕಿಲ್ಲದ ಆ ರಂಗದಲ್ಲಿ ಪಿಸುಮಾತಿಗೆ ಜಾಗವಿರಲಿಲ್ಲ. ನಟರು ಎತ್ತರದ ಶ್ರುತಿಯಲ್ಲಿ, ಕಾಲು ಹಾರ್ಮೋನಿಯಂ ಮತ್ತು ತಬಲದ ಸದ್ದನ್ನು ದಾಟಿ, ಟೆಂಟಿನ ಕೊನೆಯ ಸಾಲಿಗೆ ದನಿ ಮುಟ್ಟಿಸಬೇಕಿತ್ತು. ಎದುರಿಗೆ ನಿಂತ ನಾಯಕಿಯನ್ನು ನಾಯಕ ಕೊಂಡಾಡುತ್ತಿದ್ದುದು ನೆಲದ ಮೇಲೆ ಕೂತವನಿಗೂ ಕೇಳುವಂತೆ. ಅದೂ ಬಹುಕಾಲ ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದುದರಿಂದ ಎಷ್ಟೋ ಯುಗಳಗೀತೆಗಳು ಇಬ್ಬರು ಗಂಡಸರ ಏರುಕಂಠದ ಪಂದ್ಯದಂತಿರುತ್ತಿದ್ದವು. ಹೆಂಗಸರನ್ನು ರಂಗಕ್ಕೆ ತಂದ ಕಂಪನಿಗಳಲ್ಲಿ ಗುಬ್ಬಿಯದು ಮುಖ್ಯವಾದದ್ದು, ಬಿ. ಜಯಮ್ಮನವರಂಥ ಗಾಯಕನಟಿ ಬಂದ ಮೇಲೆ ಪ್ರೇಮಗೀತೆಗೆ ಹೆಣ್ಣಿನ ಕಂಠ ಸಿಕ್ಕಿತು. ಆದರೆ ದನಿಯ ಎತ್ತರ ಹಾಗೇ ಉಳಿಯಿತು. ಈ ಹಾಡುಗಳನ್ನು ಈಗ ಕೇಳಿದವರಿಗೆ ಪ್ರೇಮಕ್ಕಿಂತ ಪೌರುಷವೇ ಹೆಚ್ಚು ಎನಿಸಿದರೆ ಅದು ಕವಿಯ ತಪ್ಪಲ್ಲ, ಟೆಂಟಿನ ಅಳತೆ.

ಇದೇ ಹೊತ್ತಿನಲ್ಲಿ ಪುಸ್ತಕದ ಪ್ರೇಮಗೀತೆ ಬೇರೆ ದಾರಿ ಹಿಡಿದಿತ್ತು. ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಬಂತು. ರಾಬರ್ಟ್ ಬರ್ನ್ಸ್‌ನಂಥವರ ಪ್ರೇಮಗೀತೆಗಳನ್ನು ಕನ್ನಡಕ್ಕೆ ತಂದುದರ ಫಲವಾಗಿ, ರಾಧೆ, ಕೃಷ್ಣ, ರಾಜಕುಮಾರಿ ಯಾರ ವೇಷವನ್ನೂ ತೊಡದ ಒಬ್ಬ ‘ನಾನು’ ಇನ್ನೊಬ್ಬರನ್ನು ‘ನೀನು’ ಎಂದು ಕರೆದು ಮಾತಾಡುವುದು ಹೊಸಗನ್ನಡ ಕವಿತೆಗೆ ಒಗ್ಗಿತು. ಬರ್ನ್ಸ್ ಸಹ ಸ್ಕಾಟ್‌ಲೆಂಡಿನ ಹಳೆಯ ಮಟ್ಟುಗಳಿಗೆ ಪದ ಕೂಡಿಸಿದವನೇ ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. ಬೆಳ್ಳಾವೆಯವರೂ ಬಿ.ಎಂ.ಶ್ರೀಯವರೂ ಒಂದೇ ಜಿಲ್ಲೆಯಲ್ಲಿ, ಎರಡು ವರ್ಷದ ಅಂತರದಲ್ಲಿ ಹುಟ್ಟಿದವರು. ಒಬ್ಬರ ಪ್ರೇಮಿಗೆ ಸಾವಿರ ಜನ ಕೇಳುಗರು, ಇನ್ನೊಬ್ಬರ ಪ್ರೇಮಿಗೆ ಪುಟ ತಿರುವುವ ಒಬ್ಬನೇ ಓದುಗ. ಮುಂದಿನ ಮೆಲುದನಿಯ ಹಾಡಿಗೆ ಇಬ್ಬರೂ ಬೇಕಾದರು: ಮಟ್ಟಿಗೆ ಪದ ಕೂಡಿಸುವ ಕಸುಬು ಅವರಿಂದ, ನಾನು–ನೀನು ಎಂಬ ಆಪ್ತತೆ ಇವರಿಂದ.

ಎರಡನ್ನೂ ಬೆಸೆದದ್ದು ಮೈಕು. 78 ಆರ್‌ಪಿಎಂ ಗ್ರಾಮಫೋನ್ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ರಂಗದಲ್ಲಿ ಕಾಲು ಗಂಟೆ ಎಳೆಯಬಹುದಾಗಿದ್ದ ಹಾಡು ಪ್ಲೇಟಿಗಾಗಿ ಪಲ್ಲವಿಗೂ ಒಂದೆರಡು ಚರಣಕ್ಕೂ ಇಳಿಯಿತು; ಚಿತ್ರಗೀತೆಯ ಅಳತೆಯೂ ಅಲ್ಲಿಂದಲೇ ಬಂತು. 1925ರವರೆಗೆ ಪ್ಲೇಟಿಗೂ ದೊಡ್ಡ ದನಿಯೇ ಬೇಕಿತ್ತು, ಏಕೆಂದರೆ ಗಾಯಕರು ತಗಡಿನ ಕೊಳವೆಯೊಳಕ್ಕೆ ಹಾಡುತ್ತಿದ್ದರು. ವಿದ್ಯುತ್ ಧ್ವನಿಮುದ್ರಣ ಬಂದ ಮೇಲೆ ಉಸಿರಿನಷ್ಟು ಸಣ್ಣ ದನಿಯನ್ನೂ ಯಂತ್ರ ಹಿಡಿಯತೊಡಗಿತು. ಅಮೆರಿಕದಲ್ಲಿ ಮೈಕಿಗೆ ತುಟಿ ಹಚ್ಚಿ ಹಾಡುವ ಗಾಯಕರ ಒಂದು ಪೀಳಿಗೆಯೇ ಹುಟ್ಟಿತು.

ಕನ್ನಡದಲ್ಲಿ ಯಂತ್ರ ಮೊದಲು ಬಂತು, ಮೆಲುದನಿ ತಡವಾಗಿ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ವೈ.ವಿ. ರಾವ್ ನಿರ್ದೇಶನ, ಎಂ.ವಿ. ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬ ಅವರ ಅಭಿನಯ. ಸಂಭಾಷಣೆ, ಹಾಡುಗಳು ಬೆಳ್ಳಾವೆ ನರಹರಿ ಶಾಸ್ತ್ರಿಗಳವು. ಕನ್ನಡ ಚಿತ್ರಗೀತೆಯ ಮೊದಲ ಕವಿ ಹೀಗೆ ಬೆಳ್ಳಾವಿಯಿಂದ ಬಂದವರು. ಮರುವರ್ಷ ಗುಬ್ಬಿ ಕಂಪನಿಯ ‘ಸದಾರಮೆ’ಯೂ ರಾಜಾ ಚಂದ್ರಶೇಖರ್ ನಿರ್ದೇಶನದಲ್ಲಿ, ಕೆ. ಅಶ್ವತ್ಥಮ್ಮ ನಾಯಕಿಯಾಗಿ ಚಿತ್ರವಾಯಿತು. ನಟರು, ಕವಿ, ಮಟ್ಟು ಎಲ್ಲವೂ ರಂಗದವೇ ಆಗಿದ್ದರಿಂದ ಕ್ಯಾಮೆರಾದ ಮುಂದೆಯೂ ಹಾಡು ಟೆಂಟಿನ ಕೊನೆಯ ಸಾಲನ್ನೇ ಹುಡುಕುತ್ತಿತ್ತು. ದನಿ ಇಳಿಯಲು ಹಿನ್ನೆಲೆ ಗಾಯನ ನೆಲೆಯೂರಬೇಕಾಯಿತು. ಗುಬ್ಬಿ ಕಂಪನಿಯಲ್ಲಿ ಪಳಗಿ 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕನಾದ ರಾಜ್‌ಕುಮಾರ್ ಎರಡು ದಶಕ ಪಿ.ಬಿ. ಶ್ರೀನಿವಾಸ್ ಅವರ ತಣ್ಣನೆಯ ಕಂಠಕ್ಕೆ ತುಟಿ ಆಡಿಸಿದರು. ರಂಗದ ನಟನಿಗೆ ಸ್ಟುಡಿಯೋದ ದನಿ ಎಂಬ ಈ ಜೋಡಣೆ ಕನ್ನಡದ ಕಿವಿಯನ್ನು ಹದಮಾಡಿತು. 1974ರ ‘ಸಂಪತ್ತಿಗೆ ಸವಾಲ್’ ನಂತರ ರಾಜ್‌ಕುಮಾರ್ ತಾವೇ ಹಾಡತೊಡಗಿದಾಗ ಕಂಪನಿಯ ತುಂಬುಕಂಠವೂ ಮೈಕಿನ ಇಳಿದನಿಯೂ ಒಂದೇ ಗಂಟಲಲ್ಲಿ ಕೂಡಿದವು.

ದೊಡ್ಡರಂಗೇಗೌಡರು ಚಿತ್ರಗೀತೆಗೆ ಬಂದದ್ದು ಈ ಹದವಾದ ನೆಲಕ್ಕೆ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿದ ‘ಪರಸಂಗದ ಗೆಂಡೆತಿಮ್ಮ’ (1978) ಚಿತ್ರಕ್ಕೆ ರಾಜನ್–ನಾಗೇಂದ್ರ ಸಂಗೀತದಲ್ಲಿ ಅವರು ಬರೆದ ‘ತೇರ ಏರಿ ಅಂಬರದಾಗೆ’, ‘ನೋಟದಾಗೆ ನಗೆಯ ಮೀಟಿ’ ಹಾಡುಗಳಲ್ಲಿ ‘ಆಗೆ’ ಎಂಬ ಹಳ್ಳಿಯ ವಿಭಕ್ತಿ ಶೀರ್ಷಿಕೆಗೇ ಏರಿತು. ನಾಟಕದ ಹಾಡಿನಲ್ಲಿ ಗ್ರಾಮ್ಯ ನುಡಿ ಹಾಸ್ಯಪಾತ್ರದ ಪಾಲು; ಪ್ರೇಮಿಗಳದು ಸಂಸ್ಕೃತ ತುಂಬಿದ ಭಾಷೆ. ಇಲ್ಲಿ ಆ ಅಂತಸ್ತು ತಲೆಕೆಳಗಾಯಿತು. ‘ನಮ್ಮೂರ ಮಂದಾರ ಹೂವೆ’ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಕೆರೆಯ ಹಾಡಿನ ಉಪಾಯವನ್ನೇ ಬಳಸಿತು: ಹೆಣ್ಣನ್ನು ನೇರ ಹೊಗಳದೆ ಊರನ್ನು, ಹೂವನ್ನು ಕರೆಯುವುದು. ವ್ಯತ್ಯಾಸವೆಂದರೆ ಈಗ ಸೊಲ್ಲು ಹಿಡಿಯುವ ಗುಂಪಿಲ್ಲ. ಬಾಲಸುಬ್ರಹ್ಮಣ್ಯಂ ಉಸಿರು ಬಿಡುವುದೂ ಹಾಡಿನ ಭಾಗ. ಈ ಹಾಡಿನ ಸಾಲೇ ಮುಂದೆ ಸುನಿಲ್ ಕುಮಾರ್ ದೇಸಾಯಿ ಅವರ ಚಿತ್ರವೊಂದಕ್ಕೆ ಹೆಸರಾಯಿತು. ಕವಿಗೆ 2018ರಲ್ಲಿ ಪದ್ಮಶ್ರೀ ಬಂತು; 2023ರ ಹಾವೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಅವರದಾಯಿತು.

ಗಿಟಾರು ಮುಂದಾಗಿ ತಾಳ ಹಿಂದಾಗುವ ಸಾಫ್ಟ್ ರಾಕ್ ಬಗೆ ಅಮೆರಿಕದಲ್ಲಿ 1970ರ ದಶಕದಲ್ಲಿ ಬೆಳೆದದ್ದು. ಕನ್ನಡದಲ್ಲಿ ಅದಕ್ಕೆ ತೀರ ಹತ್ತಿರ ಬರುವ ಜನಪ್ರಿಯ ಹಾಡು ‘ಅನಿಸುತಿದೆ ಯಾಕೋ ಇಂದು’. 2006ರ ಡಿಸೆಂಬರ್ 29ರಂದು ತೆರೆಕಂಡ, ಯೋಗರಾಜ್ ಭಟ್ ನಿರ್ದೇಶನದ ‘ಮುಂಗಾರು ಮಳೆ’ಯದು. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಕನ್ನಡಿಗ ಮನೋಮೂರ್ತಿಯವರ ಮಟ್ಟು, ಜಯಂತ ಕಾಯ್ಕಿಣಿಯವರ ಪದ, ಸೋನು ನಿಗಮ್ ಅವರ ಕಂಠ. ಕನ್ನಡ ಮಾತೃಭಾಷೆಯಲ್ಲದ ಗಾಯಕನೊಬ್ಬ ಕನ್ನಡದ ಪ್ರೇಮಿಯ ದನಿಯಾದ ಬಗ್ಗೆ ಆಗ ಗೊಣಗಿದವರಿದ್ದರು. ಆದರೆ ಗುಬ್ಬಿ ರಂಗದ ಎಷ್ಟೋ ಮಟ್ಟುಗಳೇ ಕನ್ನಡದವಲ್ಲ ಎಂಬುದನ್ನು ನೆನೆದರೆ ಆ ಗೊಣಗಿಗೆ ತೂಕವಿಲ್ಲ. ‘ಯಾಕೋ’ ಎಂಬ ಅನುಮಾನದ ಪದವನ್ನು ಶೀರ್ಷಿಕೆಯಲ್ಲೇ ಇಟ್ಟುಕೊಂಡ ಇಂಥ ಹಾಡು ಟೆಂಟಿನಲ್ಲಿ ಬದುಕುತ್ತಿರಲಿಲ್ಲ. ಕೊನೆಯ ಸಾಲಿನವನಿಗೆ ಅನುಮಾನವನ್ನು ಕೂಗಿ ಹೇಳಲಾಗದು. ಅದನ್ನು ಹರಡಿದ್ದು ಎಫ್‌ಎಂ ರೇಡಿಯೋ, ಮೊಬೈಲಿನ ಕಾಲರ್ ಟ್ಯೂನು ಮತ್ತು ಇಯರ್‌ಫೋನು.

ಕುಣಿಗಲ್ ಕೆರೆಯ ಹಾಡೂ ಈ ನಡುವೆ ಮೈಕಿನ ಹತ್ತಿರ ಬಂತು. ಆಕಾಶವಾಣಿ, ಸುಗಮ ಸಂಗೀತದ ವೇದಿಕೆ, ಕ್ಯಾಸೆಟ್ಟುಗಳ ಮೂಲಕ ಅದು ಒಬ್ಬರೇ ಹಾಡುವ ಗೀತೆಯಾಯಿತು. ಬೆಳೆಯುತ್ತಲೇ ಇರಬಹುದಾಗಿದ್ದ ನುಡಿಗಳು ಆಯ್ದ ಕೆಲವಕ್ಕೆ ನಿಂತವು, ಸೊಲ್ಲಿನ ಜಾಗದಲ್ಲಿ ಕೊಳಲು, ಕೀಬೋರ್ಡು ಬಂದವು. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಮಾತ್ರ ಮಕ್ಕಳು ಅದನ್ನು ಈಗಲೂ ಗುಂಪಾಗಿ, ಬಯಲಿಗೆಲ್ಲ ಕೇಳುವ ದನಿಯಲ್ಲಿ ಹಾಡುತ್ತಾರೆ, ಭಾವನ ಸೀರೆಯ ನುಡಿಯನ್ನೂ ಸೇರಿಸಿ.