ಹಾಸಿಗೆಯ ಬಳಿಯ ನೆಂಟರು

ರಾಜ್ಯೋತ್ಸವದ ಸಂಚಿಕೆಯಲ್ಲಿ ಅರಸರ ಶೌರ್ಯ, ಕವಿಗಳ ಕೀರ್ತಿ, ಶಿಲ್ಪಗಳ ಸೊಬಗು ಇವುಗಳನ್ನು ಕುರಿತು ಬರೆಯುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ಮುಂಬಯಿಯಲ್ಲಿ ನೆಲೆಸಿದ ನಮ್ಮಂಥವರಿಗೆ ಇನ್ನೊಂದು ಇತಿಹಾಸವೂ ಉಂಟು. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಾಗ ಯಾರು ಬಂದರು, ಯಾರು ರಾತ್ರಿಯೆಲ್ಲ ಎಚ್ಚರವಿದ್ದರು, ಯಾರು ಗಂಜಿ ಕಾಸಿ ತಂದರು ಎಂಬುದರ ಇತಿಹಾಸ ಅದು. ಅದನ್ನು ಯಾವ ಶಾಸನದಲ್ಲಿಯೂ ಕೆತ್ತಿಲ್ಲ. ಈ ಸಲ ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ಹೇಳುವುದಕ್ಕೆ ಕಾರಣವೂ ಇದೆ. ಕೆಲವು ವರ್ಷಗಳ ಹಿಂದೆ ನಮ್ಮ ಹಳೆಯ ಸದಸ್ಯರೊಬ್ಬರು ಆಸ್ಪತ್ರೆ ಸೇರಿದರು. ಅವರ ಮನೆಯವರಿಗೆ ಮರಾಠಿ ಅಷ್ಟಕ್ಕಷ್ಟೆ, ಮಕ್ಕಳು ಪರದೇಶದಲ್ಲಿ. ಹನ್ನೊಂದು ದಿನ ಆ ತಾಯಿ ಕೇಸ್ ಪೇಪರು ಹಿಡಿದುಕೊಂಡು ವಾರ್ಡಿಗೂ ಔಷಧದ ಅಂಗಡಿಗೂ ಒಬ್ಬರೇ ಓಡಾಡಿದರು. ನಮಗೆ ಸುದ್ದಿ ಮುಟ್ಟಿದ್ದು ಹನ್ನೆರಡನೆಯ ದಿನ, ಅವರು ತೀರಿಕೊಂಡ ಮೇಲೆ. ಆಸ್ಪತ್ರೆಯವರಲ್ಲಿ ಏನೂ ಲೋಪವಿರಲಿಲ್ಲ. ಲೋಪ ನಮ್ಮದು. ಅದೇ ಹನ್ನೊಂದು ದಿನಗಳಲ್ಲಿ ನಾವು ನಾಟಕದ ತಾಲೀಮಿಗೆಂದು ಮೂರು ಸಲ ಸೇರಿದ್ದೆವು! ಅಂದಿನಿಂದ ಹಿಂದಿನವರು ಇಂಥ ಹೊತ್ತಿನಲ್ಲಿ ಹೇಗೆ ನಡೆದುಕೊಂಡರೆಂದು ತಿಳಿಯುವ ಹಂಬಲ ನಮಗೆ ಹತ್ತಿತು.

ಮುಂಬಯಿಯ ದೊಡ್ಡ ಪರೀಕ್ಷೆ ನಡೆದದ್ದು 1896ರಲ್ಲಿ. ಆ ವರ್ಷದ ಸೆಪ್ಟೆಂಬರಿನಲ್ಲಿ ಮಾಂಡವಿ ಭಾಗದ ರೋಗಿಗಳನ್ನು ನೋಡಿದ ಡಾ. ಅಕಾಸಿಯೊ ವಿಯೆಗಸ್ ಅವರು ಇದು ಪ್ಲೇಗು ಎಂದು ಗುರುತಿಸಿದರು. ತೊಡೆಯ ಸಂದಿಯಲ್ಲಿ, ಕಂಕುಳಲ್ಲಿ ಗೆಡ್ಡೆ ಏಳುವುದು, ಉರಿಜ್ವರ, ಮೂರು ನಾಲ್ಕು ದಿನಗಳಲ್ಲಿ ಮರಣ. ಆಗ ನಗರದ ಜನಸಂಖ್ಯೆ 8 ಲಕ್ಷಕ್ಕೆ ತುಸು ಮೇಲೆ. ಮುಂದಿನ ಕೆಲವೇ ತಿಂಗಳುಗಳಲ್ಲಿ ಅರ್ಧಕ್ಕೆ ಸಮೀಪವಾದಷ್ಟು ಜನ ಗಂಟುಮೂಟೆ ಕಟ್ಟಿಕೊಂಡು ತಮ್ಮ ತಮ್ಮ ಊರಿಗೆ ಓಡಿಹೋದರು.

ಉಳಿದವರ ಗತಿಯೇನು? ಸರಕಾರ ಆಸ್ಪತ್ರೆಯನ್ನು ತೋರಿಸಿತು; ಜನ ಆಸ್ಪತ್ರೆಗೇ ಹೆದರಿದರು. 1896ರ ಅಕ್ಟೋಬರಿನಲ್ಲಿ ಸುಮಾರು ಸಾವಿರ ಗಿರಣಿ ಕಾರ್ಮಿಕರು ಆರ್ಥರ್ ರೋಡಿನ ಆಸ್ಪತ್ರೆಯ ಮೇಲೆಯೇ ಕಲ್ಲು ತೂರಿ ನುಗ್ಗಿದರು. ಇಂದು ನಾವು ಅದನ್ನು ಅಜ್ಞಾನವೆಂದು ನಕ್ಕುಬಿಡಬಹುದು. ಆದರೆ ಅವರ ಅಂತರಂಗವನ್ನು ಸ್ವಲ್ಪ ಊಹಿಸಿ ನೋಡೋಣ. ರೋಗಿಯನ್ನು ಮನೆಯಿಂದ ಎತ್ತಿಕೊಂಡು ಹೋಗುತ್ತಾರೆ, ಬಾಗಿಲು ಮುಚ್ಚುತ್ತದೆ, ಬಹುಮಂದಿ ಹಿಂದಿರುಗಿ ಬರುವುದಿಲ್ಲ. ಒಳಗೆ ಏನಾಯಿತೆಂದು ಹೇಳುವ ಸ್ವಂತದವರು ಒಬ್ಬರೂ ಇಲ್ಲ. ಅವರು ಅಂಜಿದ್ದು ಔಷಧಕ್ಕಲ್ಲ, ಒಂಟಿಯಾಗಿ ಸಾಯುವುದಕ್ಕೆ.

1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಿತು. ಬಲಾತ್ಕಾರ ಹೆಚ್ಚಿತು, ಪುಣೆಯಲ್ಲಿ ಸೋಲ್ಜರರು ಮನೆ ಮನೆ ಹೊಕ್ಕು ಶೋಧಿಸಿದರು. ಅದರ ಕಹಿಫಲವಾಗಿ ಆ ವರ್ಷದ ಜೂನ್ 22ರ ರಾತ್ರಿ ಪ್ಲೇಗು ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿತು. ಬಲದಿಂದ ಆಗದ ಕೆಲಸ ಬೇರೆ ದಾರಿಯಿಂದ ಆಯಿತು. ಮುಂಬಯಿಯಲ್ಲಿ ಒಂದೊಂದು ಸಮಾಜದವರೂ ಚಂದಾ ಎತ್ತಿ ತಮ್ಮದೇ ಪ್ಲೇಗು ಆಸ್ಪತ್ರೆಗಳನ್ನು ತೆರೆದರು. ಪುಣೆಯಲ್ಲಿ ಲೋಕಮಾನ್ಯ ತಿಲಕರು ಹಿಂದೂ ಪ್ಲೇಗು ಆಸ್ಪತ್ರೆಯನ್ನು ನಡೆಸಿದರು. ಅಲ್ಲಿ ತಮ್ಮವರ ಕೈಯ ಅನ್ನ, ತಮ್ಮ ಭಾಷೆಯ ಮಾತು, ಹಾಸಿಗೆಯ ಬಳಿ ಪರಿಚಯದ ಮುಖ. ರೋಗ ಅದೇ, ವೈದ್ಯವೂ ಹೆಚ್ಚು ಕಡಿಮೆ ಅದೇ. ಆದರೂ ಹಿಂದೆ ಓಡಿಹೋಗುತ್ತಿದ್ದ ಜನ ಅಲ್ಲಿಗೆ ಬಂದರು. ಜಾತಿಗೊಂದು ಆಸ್ಪತ್ರೆಯೆಂಬುದು ಇಂದು ನಮಗೆ ಒಪ್ಪಿಗೆಯಾಗಲಾರದು. ಪರಿಚಿತನೊಬ್ಬ ಜೊತೆಗಿದ್ದರೆ ರೋಗಿಗೆ ನಂಬಿಕೆ ಬರುತ್ತದೆಂಬ ಮಾತು ಮಾತ್ರ ಇಂದಿಗೂ ನಿಜ.

ಜಾತಿಯ ಗೆರೆಯನ್ನು ದಾಟಿದವರೂ ಆಗಲೇ ಇದ್ದರು. ಪುಣೆಯ ಹತ್ತಿರ ಹಡಪಸರದ ಕಡೆ ಸಾವಿತ್ರಿಬಾಯಿ ಫುಲೆಯವರೂ ಅವರ ದತ್ತುಪುತ್ರ ಡಾ. ಯಶವಂತರೂ ಊರ ಹೊರಗೆ ಚಿಕಿತ್ಸಾಲಯ ತೆರೆದರು. ಮುಂಢವೆಯ ದಲಿತ ಕುಟುಂಬದ ಹುಡುಗನೊಬ್ಬನಿಗೆ ಪ್ಲೇಗು ತಗಲಿತೆಂದು ಕೇಳಿ, 66 ವಯಸ್ಸಿನ ಆ ತಾಯಿ ತಾನೇ ಹೋಗಿ ಅವನನ್ನು ಬೆನ್ನ ಮೇಲೆ ಹೊತ್ತು ತಂದರು. ಹುಡುಗ ಉಳಿದ. ರೋಗ ಅವರಿಗೆ ತಗಲಿ, 1897ರ ಮಾರ್ಚ್ 10ರಂದು ಅವರು ತೀರಿಕೊಂಡರು.

ನಮ್ಮ ನಾಡೂ ಇದರಿಂದ ದೂರವಿರಲಿಲ್ಲ. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೇ ಸೇರಿದ್ದವು. 1956ರ ಏಕೀಕರಣದವರೆಗೆ ಮುಂಬಯಿಯೇ ಅವುಗಳ ರಾಜಧಾನಿ. ರೈಲು ಹೋದಲ್ಲಿ ರೋಗವೂ ಹೋಯಿತು. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು. ಅದೇ ವರ್ಷ ಬೆಂಗಳೂರಿಗೂ ಪ್ಲೇಗು ಕಾಲಿಟ್ಟಿತು. ಇಲಿ ಬಿದ್ದರೆ ಊರು ಬಿಡಬೇಕೆಂಬುದು ನಮ್ಮ ಅಜ್ಜಿಯರ ಬಾಯಲ್ಲಿ ಗಾದೆಯಂತೆಯೇ ಆಗಿತ್ತು. ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದರು. ವಾಲ್ಡಿಮಾರ್ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದನು. ಮರುವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಆ ಸೂಜಿ ಹಾಕಿಸಿಕೊಂಡರು. ತಾನು ಮೊದಲು ಚುಚ್ಚಿಕೊಂಡು ಆಮೇಲೆ ಇತರರಿಗೆ ಹೇಳುವುದು, ಇದೂ ಸ್ನೇಹದ ಒಂದು ಲಕ್ಷಣವೇ ಅಲ್ಲವೆ?

ಎರಡು ದಶಕಗಳ ಮೇಲೆ 1918ರಲ್ಲಿ ಇನ್‌ಫ್ಲುಯೆಂಜಾ ಬಂದಿತು. ಜೂನಿನಲ್ಲಿ ಮುಂಬಯಿಯಲ್ಲಿ ತಲೆದೋರಿ, ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಉಗ್ರರೂಪ ತಾಳಿತು. ಇಡೀ ದೇಶದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚೆಂದು ಅಂದಾಜು. ಆ ಜ್ವರಕ್ಕೆ ಆಗ ಮದ್ದೇ ಇರಲಿಲ್ಲ. ಎಳೆಯ ಪ್ರಾಯದ ಗಟ್ಟಿಮುಟ್ಟಾದವರೇ ಹೆಚ್ಚಾಗಿ ಬಿದ್ದರು. ಮನೆಗೆ ಮನೆಯೇ ಮಲಗಿದಾಗ ಒಂದು ಲೋಟ ನೀರು ಕೊಡುವವರಿಲ್ಲ. ಅಂಥಲ್ಲಿ ಬಾಯಿಗೆ ಗಂಜಿ ಬಿಡುವ ನೆರೆಯವರೇ ವೈದ್ಯರು. ಎನ್. ಎಂ. ಜೋಶಿಯವರು 1911ರಲ್ಲಿ ಸ್ಥಾಪಿಸಿದ ಸೋಶಿಯಲ್ ಸರ್ವಿಸ್ ಲೀಗ್ ಮೊದಲಾದ ಸಂಸ್ಥೆಗಳ ಸ್ವಯಂಸೇವಕರು ಮುಂಬಯಿಯ ಬಡಕೇರಿಗಳಿಗೆ ನೆರವು ಒಯ್ದರು. ಬೆಂಗಳೂರಿನಲ್ಲಿಯೂ ಸ್ವಯಂಸೇವಕರು ಬಡವರಿಗೆ ಔಷಧವನ್ನೂ ಅಕ್ಕಿಗಂಜಿಯನ್ನೂ ಹಂಚಿದರು.

ಆಮೇಲೆ ಕಾಲ ಸುಧಾರಿಸಿತು. ಪರೇಲಿನಲ್ಲಿ 1926ರಲ್ಲಿ ಕೆ. ಇ. ಎಂ. ಆಸ್ಪತ್ರೆಯೂ 1941ರಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯೂ ತೆರೆದವು. ಊರಿನಿಂದ ರೋಗಿಯನ್ನು ಕರೆತಂದವರು ಮೊದಲು ಹುಡುಕುತ್ತಿದ್ದುದು ಆಸ್ಪತ್ರೆಯನ್ನಲ್ಲ, ಗುರುತಿನ ಕನ್ನಡಿಗನ ಖೋಲಿಯನ್ನು. ಹತ್ತು ಜನ ಮಲಗುವ ಖೋಲಿಯಲ್ಲಿ ಹನ್ನೊಂದನೆಯ ಚಾಪೆ ಬೀಳುತ್ತಿತ್ತು. ಹೋಟೆಲಿನಲ್ಲಿ ದುಡಿಯುವ ಹುಡುಗ ರಾತ್ರಿ ಪಾಳಿ ಮುಗಿಸಿ ಡಬ್ಬಿ ಹಿಡಿದುಕೊಂಡು ವಾರ್ಡಿಗೆ ಹೋಗುತ್ತಿದ್ದನು. ಡಾಕ್ಟರರು ಹಿಂದಿಯಲ್ಲಿ ಹೇಳಿದ್ದನ್ನು ಮುದುಕಿಗೆ ಕನ್ನಡದಲ್ಲಿ ತಿಳಿಸಿ ಹೇಳುತ್ತಿದ್ದನು. ಕೆಲವು ಮಾತುಗಳನ್ನು ಹೇಳದೆಯೂ ಇರುತ್ತಿದ್ದನು. ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ. 2020ರ ಕೊರೋನಾ ಕಾಲದಲ್ಲಿ ಹಾಸಿಗೆಯ ಬಳಿ ಕೂರುವುದೇ ನಿಷಿದ್ಧವಾಯಿತು. ಆಗಲೂ ಬಾಗಿಲ ಹೊರಗೆ ಊಟದ ಡಬ್ಬಿ ಇಟ್ಟು, ಮೆಟ್ಟಿಲಿಳಿದು ನಿಂತು, ಫೋನಿನಲ್ಲಿ "ಉಂಡಿರೇನ್ರೀ?" ಎಂದು ಕೇಳಿದವರಿದ್ದರು.

ಈಗ ನಮ್ಮಲ್ಲಿ ಬಹುಮಂದಿಗೆ ಖೋಲಿಗಳು ಹೋಗಿ ಫ್ಲ್ಯಾಟುಗಳಾಗಿವೆ. ವಿಮೆ ಇದೆ, ಒಳ್ಳೆಯ ವೈದ್ಯರಿದ್ದಾರೆ. ಆದರೆ ಗೋಡೆ ದಪ್ಪವಾದಂತೆ ಪಕ್ಕದ ಮನೆಯ ಕೆಮ್ಮು ಕೇಳದಂತಾಗಿದೆ. ಇನ್ನೊಬ್ಬರಿಗೇಕೆ ತೊಂದರೆಯೆಂದು ಕಾಯಿಲೆಯನ್ನು ಮುಚ್ಚಿಡುವ ಸಂಕೋಚವೂ ಬೆಳೆದಿದೆ. ಆ ಹನ್ನೊಂದು ದಿನಗಳು ಹೀಗೆಯೇ ಕಳೆದವು. ಆಮೇಲೆ ನಾವು ಆ ತಾಯಿಯನ್ನು, "ನಮಗೇಕೆ ಹೇಳಿ ಕಳುಹಿಸಲಿಲ್ಲ?" ಎಂದು ಕೇಳಿದೆವು. "ನೀವೆಲ್ಲ ಕೆಲಸದೊಳಗ ಇರ್ತೀರಿ, ಅದಕ್ಕs ಹೇಳಲಿಲ್ಲರಿ" ಎಂದರು. ಆ ಮಾತು ನಮ್ಮನ್ನು ಈಗಲೂ ಚುಚ್ಚುತ್ತದೆ.

ಆದುದರಿಂದ ಈ ರಾಜ್ಯೋತ್ಸವದಲ್ಲಿ ಸದಸ್ಯ ಬಂಧುಗಳಲ್ಲಿ ನಮ್ಮ ಬಿನ್ನಹ ಇಷ್ಟೆ. ಒಂದೊಂದು ಬಡಾವಣೆಗೆ ಇಬ್ಬರಂತೆ ಹೆಸರು ಕೊಡಿರಿ. ಯಾರ ಮನೆಯಲ್ಲಿ ಕಾಯಿಲೆಯಾದರೂ ಅವರಿಗೆ ಸುದ್ದಿ ಮುಟ್ಟಲಿ. ಹಣ ಬೇಡ; ವಾರದಲ್ಲಿ ಎರಡು ಗಂಟೆ ಸಾಕು. ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದಕ್ಕೆ, ಒಂದು ಡಬ್ಬಿ ಒಯ್ಯುವುದಕ್ಕೆ, ರಾತ್ರಿ ಎಚ್ಚರವಿದ್ದವರು ತುಸು ಮಲಗುವಂತೆ ಅವರ ಜಾಗದಲ್ಲಿ ಕೂರುವುದಕ್ಕೆ. ಕಾಯಿಲೆಯಾದವರೂ ದಯವಿಟ್ಟು ಸಂಕೋಚ ಬಿಟ್ಟು ತಿಳಿಸಿರಿ. ನಾಟಕದ ತಾಲೀಮು ಒಂದು ದಿನ ನಿಂತರೆ ಕನ್ನಡಕ್ಕೆ ಯಾವ ಕುಂದೂ ಬರಲಾರದು.